ಶೀಟಿಗೆ ಹಾಕಿದ ‘ಯುವಿ’ ಎಲ್ಲಿಗೆ ಹೋಯಿತು?

ನಮ್ಮ ಪಕ್ಕದ ಮನೆಯ ಭಾವ ಅಡಿಕೆ ಒಣಗಿಸಲು ಅಂಗಳದಲ್ಲಿ ಒಂದು ಗೂಡು ಮಾಡಿಸಿದ್ದಾರೆ. ಕಮಾನಿನ ಹಾಗೆ ಬಗ್ಗಿಸಿದ ಕಬ್ಬಿಣದ ಪೈಪು, ಮೇಲೆ ಪಾಲಿಹೌಸ್ ಶೀಟು, ಅಷ್ಟೇ. ಒಳಗೆ ಕಾಲಿಟ್ಟರೆ ಬೆವರು ಕಿತ್ತು ಬರುತ್ತದೆ. ಅಡಿಕೆ ಬೇಗ ಒಣಗುತ್ತದೆ, ಅಕಾಲದಲ್ಲಿ ಮಳೆ ಹುಯ್ದರೂ ಓಡಿ ಹೋಗಿ ಬಾಚಿಕೊಳ್ಳುವ ಕೆಲಸ ಇಲ್ಲ. ಎರಡನೇ ಬೇಸಿಗೆ ಮುಗಿಯುವ ಹೊತ್ತಿಗೆ ಆ ಶೀಟು ಸೀಳಿತು. ಗಾಳಿಗೆ ಅಲ್ಲ, ಕೊಂಬೆ ಬಿದ್ದೂ ಅಲ್ಲ. ಪೈಪಿಗೆ ತಾಗಿಕೊಂಡಿದ್ದ ಕಡೆಯೆಲ್ಲ ಗೆರೆ ಎಳೆದ ಹಾಗೆ ಬಿರುಕು ಬಿಟ್ಟಿತ್ತು. ಒಂದು ಚೂರು ಕೈಯಲ್ಲಿ ಹಿಡಿದು ಮಡಿಸಿದರೆ ಹಪ್ಪಳದ ಹಾಗೆ ಚಟ್ ಎಂದು ಮುರಿಯುತ್ತಿತ್ತು.

ಇಬ್ಬರೂ ಅಂಗಡಿಗೆ ಹೋದೆವು.

“ಇನ್ನೂರು ಮೈಕ್ರಾನ್, ಯುವಿ ಹಾಕಿದ್ದೇ ಕೊಟ್ಟಿದ್ದು ಹೆಗಡೇರೇ. ಈ ಸಲದ ಬಿಸಿಲು ನೋಡಿದ್ರಲ್ಲ?” ಅಂದ ಅಂಗಡಿಯವ.

“ಬಿಸಿಲಿಗೆ ಅಂತಲೇ ಅಲ್ವೇನೋ ಮಾರಾಯ ಯುವಿ ಹಾಕೋದು?” ಅಂದರು ಭಾವ.

ಅವನ ಹತ್ತಿರ ಉತ್ತರ ಇರಲಿಲ್ಲ. ಅವನಿಗೆ ಗೊತ್ತಿರಲೂ ಇಲ್ಲ ಅನ್ನಿ. ಉರುಳೆ ಬರುತ್ತದೆ, ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುತ್ತಾನೆ. ನಾವೂ ಇಷ್ಟು ವರ್ಷ ಕೇಳಿದ್ದು ಅಷ್ಟೇ: ಯುವಿ ಇದೆಯಾ? ಇದೆ. ಸರಿ, ಕೊಡು.

ಈ ‘ಯುವಿ ಹಾಕಿದ್ದು’ ಎನ್ನುವ ಮಾತು ಈಗ ಎಲ್ಲ ಕಡೆ ಇದೆ. ಶೇಡ್ ನೆಟ್ಟಿಗೆ ಯುವಿ, ತಾಡಪತ್ರಿಗೆ ಯುವಿ, ಕೃಷಿ ಹೊಂಡದ ಹೊದಿಕೆಗೆ ಯುವಿ, ಮನೆ ಮೇಲಿನ ನೀರಿನ ಟ್ಯಾಂಕಿಗೆ ಯುವಿ. ಸಾರಿಗೆ ಉಪ್ಪು ಹಾಕಿದ್ದೀಯಾ ಎಂದು ಕೇಳಿದ ಹಾಗೆ ಕೇಳುತ್ತೇವೆ, ಹೌದು ಅಂದರೆ ಸುಮ್ನೆ ಆಗುತ್ತೇವೆ. ಯಾವ ಯುವಿ, ಎಷ್ಟು ಹಾಕಿದ್ದು, ಏನು ಸೋಕಿದರೆ ಅದು ಕೆಡುತ್ತದೆ ಎಂದು ಕೇಳುವವರು ಕಡಿಮೆ. ಕೊನೆಗೆ ಅದು ಎಲ್ಲಿ ಹೋಗಿ ಸೇರುತ್ತದೆ ಎಂದು ಕೇಳುವವರಂತೂ ಇಲ್ಲವೇ ಇಲ್ಲ. ಆದರೆ ಆ ಕೊನೆಯ ಪ್ರಶ್ನೆ ಈಗ ಜಿನೀವಾದ ಒಪ್ಪಂದದ ಮೇಜಿನವರೆಗೂ ಹೋಗಿಬಿಟ್ಟಿದೆ. ಅಲ್ಲಿಗೆ ಆಮೇಲೆ ಬರುತ್ತೇನೆ. ಮೊದಲು ಭಾವನ ಶೀಟು.

ಬಿಸಿಲಿನಲ್ಲಿ ಕಣ್ಣಿಗೆ ಕಾಣುವ ಬೆಳಕಿನ ಜೊತೆ ಕಾಣದ ನೇರಳಾತೀತ ಕಿರಣವೂ ಇರುತ್ತದೆ. ಇದನ್ನೇ ಯುವಿ ಅನ್ನುವುದು. ಅಂಗಡಿಯಲ್ಲಿ ‘ಯುವಿ ಹಾಕಿದ್ದು’ ಎಂದರೆ ಈ ಕಿರಣದ ಪೆಟ್ಟು ತಡೆಯಲು ರಾಸಾಯನಿಕ ಬೆರೆಸಿದ್ದು ಎಂದರ್ಥ. ಓಝೋನ್ ಪದರ ದಾಟಿ ನೆಲ ಮುಟ್ಟುವುದು ಅದರಲ್ಲಿ ಸುಮಾರು 290ರಿಂದ 400 ನ್ಯಾನೋಮೀಟರ್ ಅಲೆಯುದ್ದದ ಭಾಗ ಮಾತ್ರ. ಒಟ್ಟು ಬಿಸಿಲಿನ ಲೆಕ್ಕದಲ್ಲಿ ಇದು ತೀರಾ ಸಣ್ಣ ಪಾಲು, ಆದರೆ ಪೆಟ್ಟು ಜೋರು. ಪ್ಲಾಸ್ಟಿಕ್ ಅಂದರೆ ಇಂಗಾಲದ ಉದ್ದುದ್ದ ಸರಪಳಿ. 300 ನ್ಯಾನೋಮೀಟರಿನ ಒಂದು ಕಿರಣದಲ್ಲಿ ಆ ಸರಪಳಿಯ ಕೊಂಡಿ ಮುರಿಯುವಷ್ಟು ಕಸುವು ಇದೆ.

ಇಲ್ಲೊಂದು ತಮಾಷೆ ಇದೆ. ಪಾಲಿಥಿನ್ ಪೂರ್ತಿ ಶುದ್ಧವಾಗಿದ್ದರೆ ಅದು ಈ ಕಿರಣವನ್ನು ಹೀರಿಕೊಳ್ಳುವುದೇ ಇಲ್ಲ, ಹಾಗೇ ದಾಟಲು ಬಿಡುತ್ತದೆ. ಹೀರದಿದ್ದರೆ ಪೆಟ್ಟೂ ಇಲ್ಲ. ಆದರೆ ಶುದ್ಧ ಪಾಲಿಥಿನ್ ಎನ್ನುವುದು ಪುಸ್ತಕದಲ್ಲಿ ಮಾತ್ರ. ಕಾರ್ಖಾನೆಯಲ್ಲಿ ಕರಗಿಸಿ, ಒತ್ತಿ, ಊದಿ ಶೀಟು ಮಾಡುವಾಗಲೇ ಆ ಬಿಸಿಗೆ ಅಲ್ಲಲ್ಲಿ ಆಮ್ಲಜನಕ ಅಂಟಿಕೊಂಡಿರುತ್ತದೆ. ಪ್ಲಾಸ್ಟಿಕ್ ತಯಾರಿಸಲು ಬಳಸಿದ ಲೋಹದ ವೇಗವರ್ಧಕದ ಉಳಿಕೆಯೂ ಒಂದಿಷ್ಟು ಇರುತ್ತದೆ. ಯುವಿ ಹಿಡಿಯುವುದು ಇಂಥ ಜಾಗವನ್ನೇ. ಅಲ್ಲಿ ಒಂದು ಕೊಂಡಿ ಮುರಿದರೆ ಜೋಡಿ ಕಳೆದುಕೊಂಡ ತುದಿ ಹುಟ್ಟುತ್ತದೆ. ಅದನ್ನು ರ‍್ಯಾಡಿಕಲ್ ಎನ್ನುತ್ತಾರೆ. ಜೋಡಿ ಹುಡುಕುವ ಅವಸರದಲ್ಲಿ ಅದು ಗಾಳಿಯ ಆಮ್ಲಜನಕವನ್ನು ಹಿಡಿಯುತ್ತದೆ, ಪಕ್ಕದ ಸರಪಳಿಯಿಂದ ಜಲಜನಕ ಕಿತ್ತುಕೊಳ್ಳುತ್ತದೆ. ಈಗ ಪಕ್ಕದವನದ್ದೂ ಅದೇ ಪಾಡು. ಅಡಿಕೆಯ ಕೊಳೆರೋಗ ಒಂದು ಗೊನೆಯಿಂದ ಇನ್ನೊಂದು ಗೊನೆಗೆ ದಾಟುವ ಹಾಗೆ ಇದು ಸರಪಳಿಯಿಂದ ಸರಪಳಿಗೆ ದಾಟುತ್ತಾ ಹೋಗುತ್ತದೆ. ಬಿಸಿ ಜಾಸ್ತಿಯಾದಷ್ಟೂ ವೇಗ ಜಾಸ್ತಿ.

ಪಾಲಿಪ್ರೊಪಿಲಿನ್ ಎನ್ನುವ ಪ್ಲಾಸ್ಟಿಕ್ ಇದಕ್ಕೆ ಇನ್ನೂ ಬೇಗ ಬಲಿ. ಅದರ ಸರಪಳಿಯಲ್ಲಿ ಒಂದು ಬಿಟ್ಟು ಒಂದು ಇಂಗಾಲದಲ್ಲಿ ಸುಲಭವಾಗಿ ಕಿತ್ತು ಬರುವ ಜಲಜನಕ ಇದೆ. ಜಗಲಿಯ ಹೊರಗೇ ಬಿಟ್ಟ ಅಗ್ಗದ ಕುರ್ಚಿ ಬಣ್ಣ ಕಳೆದುಕೊಂಡು, ಸವರಿದರೆ ಬೆರಳಿಗೆ ಸುಣ್ಣದಂಥ ಪುಡಿ ಹತ್ತಿ, ಒಂದು ದಿನ ನೆಂಟರು ಕೂತಾಗಲೇ ಕಾಲು ಮುರಿಯುವುದು ಇದರಿಂದ. ನೆಂಟರ ತೂಕದ ಮೇಲೆ ಹಾಕುವುದು ಅನ್ಯಾಯ.

ಇನ್ನು ನಮ್ಮ ಬಿಸಿಲು. ಕರ್ನಾಟಕದ ಬಯಲುಸೀಮೆಯಲ್ಲಿ ಒಂದು ಚದರ ಮೀಟರ್ ನೆಲದ ಮೇಲೆ ವರ್ಷಕ್ಕೆ ಬೀಳುವ ಬಿಸಿಲಿನ ಶಕ್ತಿ ಕರೆಂಟಿನ ಲೆಕ್ಕದಲ್ಲಿ ಸುಮಾರು 2000 ಯೂನಿಟ್. ಜರ್ಮನಿಯಲ್ಲಿ ಅದು 1100ರ ಆಸುಪಾಸು. ಅಂದರೆ ಅಲ್ಲಿ ನಾಲ್ಕು ವರ್ಷ ಬಾಳುವ ಶೀಟನ್ನು ಇಲ್ಲಿ ತಂದು ಹಾಕಿದರೆ ನಾಲ್ಕು ವರ್ಷ ಬಾಳಬೇಕು ಎಂದು ಹಠ ಹಿಡಿಯುವ ಹಾಗಿಲ್ಲ. ಹೀಗಾಗಿ ‘ನಾಲ್ಕು ವರ್ಷ ಗ್ಯಾರಂಟಿ’ ಎಂಬ ಮಾತಿನ ಹಿಂದೆಯೇ ‘ಎಲ್ಲಿಯ ಬಿಸಿಲಿನಲ್ಲಿ?’ ಎಂಬ ಪ್ರಶ್ನೆ ಬರಬೇಕು. ಬರುವುದಿಲ್ಲ.

ಇದನ್ನು ತಡೆಯಲು ಪ್ಲಾಸ್ಟಿಕ್ಕಿಗೆ ಬೆರೆಸುವ ರಾಸಾಯನಿಕಗಳನ್ನು ನಾನು ಯುವಿ ಮದ್ದು ಎಂದು ಕರೆಯುತ್ತೇನೆ. ಮದ್ದು ಹೊಡೆಯುವುದು ಎಂದರೆ ನಮ್ಮ ಕಡೆ ಎಲ್ಲರಿಗೂ ಅರ್ಥವಾಗುತ್ತದೆ. ಎಲ್ಲ ಮದ್ದಿನ ಹಾಗೆ ಇದರಲ್ಲೂ ಜಾತಿಗಳಿವೆ, ಕೆಲಸ ಮಾಡುವ ರೀತಿ ಬೇರೆ ಬೇರೆ.

ಅತಿ ಹಳೆಯದು, ಅಗ್ಗದ್ದು, ನನ್ನ ಪ್ರಕಾರ ಅತಿ ನಂಬಿಕಸ್ಥ ಮದ್ದು ಮಸಿ. ಕಾರ್ಬನ್ ಬ್ಲ್ಯಾಕ್ ಎಂದು ಹೆಸರು. ಹನಿ ನೀರಾವರಿಯ ಪೈಪು, ತೋಟದಲ್ಲಿ ಎಳೆದಿರುವ ಎಚ್‌ಡಿಪಿಇ ಪೈಪು, ಕಪ್ಪು ನೀರಿನ ಟ್ಯಾಂಕು, ಎಲ್ಲ ಕಪ್ಪಾಗಿರುವುದು ಚಂದಕ್ಕೆ ಅಲ್ಲ. ಎಚ್‌ಡಿಪಿಇ ನೀರಿನ ಪೈಪಿನ ಭಾರತೀಯ ಮಾನದಂಡ ಐಎಸ್ 4984 ನೂರಕ್ಕೆ 2ರಿಂದ 3 ಪಾಲು ಕಾರ್ಬನ್ ಬ್ಲ್ಯಾಕ್ ಇರಬೇಕು ಅನ್ನುತ್ತದೆ. ಪ್ರಮಾಣ ಸರಿ ಇದ್ದರಷ್ಟೇ ಸಾಲದು, ಮಸಿಯ ಕಣ ಬಹಳ ನುಣುಪಾಗಿದ್ದು ಎಲ್ಲ ಕಡೆ ಸಮನಾಗಿ ಹರಡಿರಬೇಕು. ಇಡ್ಲಿ ಹಿಟ್ಟಿನಲ್ಲಿ ಉಪ್ಪು ಗಂಟು ಕಟ್ಟಿದ ಹಾಗಾದರೆ ಗಂಟು ಇಲ್ಲದ ಕಡೆ ಬಿಸಿಲು ಹೊಕ್ಕುತ್ತದೆ. ನಾಲ್ಕೈದು ಬಗೆಯ ಹಳೆ ಪ್ಲಾಸ್ಟಿಕ್ ಕರಗಿಸಿ, ಬಣ್ಣ ಮುಚ್ಚಲು ಒಂದಿಷ್ಟು ಕಪ್ಪು ಸುರಿದು ಮಾಡಿದ ಪೈಪೂ ಕಪ್ಪಗೇ ಇರುತ್ತದೆ. ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಮೂರನೇ ವರ್ಷ ಗೊತ್ತಾಗುತ್ತದೆ.

ಆದರೆ ಬೆಳಕು ಒಳಗೆ ಬರಬೇಕಾದ ಕಡೆ ಮಸಿ ಹಾಕಲಾಗದು. ಅಲ್ಲಿಗೆ ಎರಡನೇ ಜಾತಿ: ಯುವಿ ಹೀರುವ ಮದ್ದು. ಬೆಂಝೋಫಿನೋನ್, ಬೆಂಝೋಟ್ರೈಅಝೋಲ್ ಎಂಬ ಕುಟುಂಬಗಳು. ಇವು ಕಿರಣವನ್ನು ತಾವೇ ನುಂಗುತ್ತವೆ. ನುಂಗಿದ ಕೂಡಲೇ ಅಣುವಿನೊಳಗೆ ಒಂದು ಪ್ರೋಟಾನ್ ಈ ಕಡೆಯಿಂದ ಆ ಕಡೆಗೆ ಜಿಗಿಯುತ್ತದೆ, ಮರಳಿ ತನ್ನ ಜಾಗಕ್ಕೆ ಬರುತ್ತದೆ, ಕಿರಣದ ಶಕ್ತಿ ಬರೀ ಬಿಸಿಯಾಗಿ ಹೊರಟುಹೋಗುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಇದು ಲೆಕ್ಕವಿಲ್ಲದಷ್ಟು ಸಲ ನಡೆಯಬಲ್ಲದು, ಅಣುವಿಗೆ ಏನೂ ಆಗುವುದಿಲ್ಲ. ದಪ್ಪ ವಸ್ತುವಿಗೆ ಇದು ಒಳ್ಳೆಯ ಕೊಡೆ. ತೆಳು ಶೀಟಿಗೆ ಸಾಲುವುದಿಲ್ಲ, ಯಾಕೆಂದರೆ ಹೀರಲು ಆಳ ಬೇಕು. ಮೇಲಿನ ಮೈಯಲ್ಲಿರುವ ಸರಪಳಿಯನ್ನು ಕಾಯಲು ಅದಕ್ಕಿಂತ ಮೇಲೆ ಯಾರೂ ಇರುವುದಿಲ್ಲವಲ್ಲ.

ಮೂರನೆಯದು ನಿಜಕ್ಕೂ ಜಾಣ ಮದ್ದು. ಹೆಸರು ಹಾಲ್ಸ್. ಇದು ಕಿರಣವನ್ನು ತಡೆಯುವುದೇ ಇಲ್ಲ. ಕಿರಣ ಬಿದ್ದು ಕೊಂಡಿ ಮುರಿದು ರ‍್ಯಾಡಿಕಲ್ ಹುಟ್ಟಿದ ಮೇಲೆ ಅದನ್ನು ಹಿಡಿದು ಕೂರಿಸುತ್ತದೆ. ಬೆಂಕಿ ಬೀಳದ ಹಾಗೆ ನೋಡಿಕೊಳ್ಳುವ ಬದಲು ಕಿಡಿ ಬಿದ್ದಲ್ಲೆಲ್ಲ ಒದ್ದೆ ಗೋಣಿ ಹಾಕುವ ಕೆಲಸ. ಇನ್ನೂ ಚಂದದ ಸಂಗತಿ ಎಂದರೆ, ಒಂದು ರ‍್ಯಾಡಿಕಲ್ಲನ್ನು ಹಿಡಿದ ಮೇಲೆ ಈ ಅಣು ಸುತ್ತು ಹಾಕಿ ಮತ್ತೆ ತನ್ನ ಮೊದಲಿನ ರೂಪಕ್ಕೇ ಬರುತ್ತದೆ, ಮತ್ತೊಂದನ್ನು ಹಿಡಿಯುತ್ತದೆ. ಇದಕ್ಕೆ ಡೆನಿಸೊವ್ ಚಕ್ರ ಎನ್ನುತ್ತಾರೆ. ಅದಕ್ಕೇ ನೂರಕ್ಕೆ ಒಂದು ಪಾಲಿಗಿಂತ ಕಡಿಮೆ ಬೆರೆಸಿದರೂ ವರ್ಷಗಟ್ಟಲೆ ದುಡಿಯುತ್ತದೆ. 1970ರ ದಶಕದಲ್ಲಿ ಜಪಾನಿನ ಸ್ಯಾಂಕ್ಯೋ ಮತ್ತು ಸ್ವಿಟ್ಜರ್ಲೆಂಡಿನ ಸಿಬಾ-ಗೈಗಿ ಕಂಪನಿಗಳು ಇದನ್ನು ಮಾರುಕಟ್ಟೆಗೆ ತಂದವು. ಮೇಲಿನ ಮೈಯನ್ನೂ ಕಾಯುವ ಕಾರಣ ತೆಳು ಶೀಟು, ಶೇಡ್ ನೆಟ್, ಹಗ್ಗ, ತಾಡಪತ್ರಿಗಳ ಬಾಳಿಕೆಯ ಕಥೆಯೇ ಬದಲಾಯಿತು. ಇವತ್ತಿನ ಪಾಲಿಹೌಸ್ ಶೀಟಿನ ‘ಯುವಿ’ ಎಂದರೆ ಹೆಚ್ಚಾಗಿ ಇದೇ.

ಆದರೆ ಇದಕ್ಕೊಂದು ಶತ್ರು ಇದೆ, ಅದು ನಮ್ಮ ಮದ್ದಿನ ಕೋಣೆಯಲ್ಲೇ ಕೂತಿದೆ. ಗಂಧಕ.

ಹಾಲ್ಸ್ ಕ್ಷಾರದ ಗುಣದ್ದು. ಆಮ್ಲ ಸಿಕ್ಕಿತೋ, ಕೂಡಿಕೊಂಡು ಉಪ್ಪಾಗಿಬಿಡುತ್ತದೆ. ಉಪ್ಪಾದ ಹಾಲ್ಸ್ ಆ ಚಕ್ರದೊಳಗೆ ಬರಲಾರದು. ಬೂದಿ ರೋಗಕ್ಕೆ ಹೊಡೆಯುವ ಗಂಧಕ ಶೀಟಿನ ಒಳಮೈಗೆ ಅಂಟಿ, ಬಿಸಿಲು ತೇವ ಎರಡೂ ತಾಗಿ ನಿಧಾನಕ್ಕೆ ಆಮ್ಲವಾಗುತ್ತದೆ. ಕ್ಲೋರಿನ್ ಇರುವ ಕೆಲವು ಕೀಟನಾಶಕಗಳದ್ದೂ ಇದೇ ಕಥೆ. ಒಳ್ಳೆ ಕಂಪನಿಗಳ ಗ್ಯಾರಂಟಿ ಕಾಗದದಲ್ಲಿ ಸಣ್ಣ ಅಕ್ಷರದಲ್ಲಿ ಇದನ್ನು ಬರೆದೇ ಇರುತ್ತಾರೆ: ಶೀಟಿನಲ್ಲಿ ಗಂಧಕ, ಕ್ಲೋರಿನ್ ಇಷ್ಟಕ್ಕಿಂತ ಜಾಸ್ತಿ ಸಿಕ್ಕಿದರೆ ನಾವು ಜವಾಬ್ದಾರರಲ್ಲ. ಆ ಕಾಗದ ಉರುಳೆಯ ಜೊತೆ ಅಂಗಡಿಯವರೆಗೆ ಬರುತ್ತದೆ. ಮೀಟರ್ ಲೆಕ್ಕದಲ್ಲಿ ಕತ್ತರಿಸಿಕೊಂಡು ಹೋಗುವವನ ಕೈಗೆ ಬರುವುದಿಲ್ಲ.

ಇದನ್ನೆಲ್ಲ ಭಾವನ ಮುಂದೆ ಹೇಳುತ್ತಾ ಇದ್ದೆ. ಅವರು ಕವಳ ಉಗುಳಿ ಬಂದು ಮೆಲ್ಲಗೆ ಅಂದರು, “ಮಳೆಗಾಲದಲ್ಲಿ ಗೂಡು ಸುಮ್ನೆ ಖಾಲಿ ಇರ್ತದೆ ಅಂತ ಮುಳ್ಳುಸೌತೆ ಹಾಕಿದ್ದೆ. ಬೂದಿ ರೋಗ ಬಂತು. ಗಂಧಕ ನಾಲ್ಕೈದು ಸಲ ಹೊಡೆದೆ.”

ಅಲ್ಲಿಗೆ ಒಂದು ಗಂಟು ಬಿಚ್ಚಿತು. ಇನ್ನೊಂದು ಗಂಟು ಪೈಪಿನದ್ದು. ತುಕ್ಕು ಹಿಡಿಯದಿರಲಿ ಎಂದು ಪೈಪಿಗೆ ಕಪ್ಪು ಬಣ್ಣ ಹೊಡೆಸಿದ್ದರು. ಮಧ್ಯಾಹ್ನದ ಬಿಸಿಲಿನಲ್ಲಿ ಆ ಪೈಪನ್ನು ಮುಟ್ಟಿ ನೋಡಿ, ಕೈ ಇಡಲಾಗುವುದಿಲ್ಲ. ಶೀಟು ದಿನವಿಡೀ ಅದನ್ನೇ ಅಪ್ಪಿಕೊಂಡಿರುತ್ತದೆ. ಬಿಸಿಗೆ ಸರಪಳಿ ಕಡಿಯುವ ಕೆಲಸವೂ ಚುರುಕಾಗುತ್ತದೆ, ಮದ್ದು ಶೀಟಿನೊಳಗಿಂದ ಮೇಲಕ್ಕೆ ಜಾರಿ ಬಂದು ಖಾಲಿಯಾಗುವುದೂ ಚುರುಕಾಗುತ್ತದೆ. ಗೆರೆ ಎಳೆದ ಹಾಗೆ ಪೈಪಿನ ಸಾಲಿನಲ್ಲೇ ಸೀಳಿದ್ದು ಅದಕ್ಕೇ. ಪಾಲಿಹೌಸ್ ಚೆನ್ನಾಗಿ ಗೊತ್ತಿರುವವರು ಶೀಟು ತಾಗುವ ಕಡೆ ಪೈಪಿಗೆ ಬಿಳಿ ಬಣ್ಣ ಹೊಡೆಸುತ್ತಾರೆ, ಇಲ್ಲವೇ ಬಿಳಿ ಪಟ್ಟಿ ಸುತ್ತುತ್ತಾರೆ. ಒಂದು ಡಬ್ಬಿ ಬಣ್ಣದ ವಿಷಯ.

ಹಾಗಂತ ತಪ್ಪೆಲ್ಲ ಭಾವನದ್ದು ಎಂದು ನಾನು ಒಪ್ಪುವುದಿಲ್ಲ. ಗಂಧಕಕ್ಕೆ ಜಗ್ಗದ ಮದ್ದು ಇಲ್ಲದೇ ಇಲ್ಲ. ಹಿಂದೆ ನಿಕ್ಕಲ್ ಬೆರೆತ ಮದ್ದು ಬಳಸುತ್ತಿದ್ದರು. ಶೀಟಿಗೆ ಹಳದಿ ಮಿಶ್ರಿತ ಹಸಿರು ಛಾಯೆ ಬರುತ್ತಿತ್ತು, ಗಂಧಕಕ್ಕೆ ಚೆನ್ನಾಗಿ ತಡೆಯುತ್ತಿತ್ತು. ನಿಕ್ಕಲ್ ಭಾರಲೋಹ, ಹಾಗಾಗಿ ಅದನ್ನು ಕೈಬಿಡುತ್ತಾ ಬಂದರು. ಆಮೇಲೆ ಕ್ಷಾರದ ಗುಣ ಕಡಿಮೆ ಮಾಡಿದ ಹೊಸ ಹಾಲ್ಸ್ ಬಂತು, ಅದು ಆಮ್ಲಕ್ಕೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ಬೆಲೆ ಮಾತ್ರ ಜಾಸ್ತಿ. ಗುಲಾಬಿ, ದೊಣ್ಣೆಮೆಣಸು ಬೆಳೆಯುವ ದೊಡ್ಡ ಪಾಲಿಹೌಸಿನವರು ಕೇಳಿ ತರಿಸಿಕೊಳ್ಳುತ್ತಾರೆ. ಎರಡು ಗುಂಟೆಯ ಗೂಡಿನವನಿಗೆ ಇಂಥದ್ದೊಂದು ಇದೆ ಎಂದೇ ತಿಳಿಯುವುದಿಲ್ಲ.

ಯಾಕೆ ತಿಳಿಯುವುದಿಲ್ಲ ಎಂದರೆ ಮಾರುಕಟ್ಟೆಯಲ್ಲಿ ಮಾತು ನಡೆಯುವುದೆಲ್ಲ ಮೈಕ್ರಾನ್ ಮತ್ತು ಜಿಎಸ್‌ಎಂ ಮೇಲೆ. ಒಂದು ದಪ್ಪ, ಇನ್ನೊಂದು ತೂಕ. ಎರಡೂ ಅಳೆಯಬಹುದಾದದ್ದು, ಒಳ್ಳೆಯದೇ. ಆದರೆ ಎರಡೂ ಒಂದೇ ಇರುವ ಶೀಟುಗಳಲ್ಲಿ ಒಂದು ಒಂದೂವರೆ ವರ್ಷಕ್ಕೆ ಹಪ್ಪಳವಾಗಬಹುದು, ಇನ್ನೊಂದು ನಾಲ್ಕು ವರ್ಷ ಮೆತ್ತಗೆ ಇರಬಹುದು. ವ್ಯತ್ಯಾಸ ಇರುವುದು ಕಣ್ಣಿಗೆ ಕಾಣದ, ನೂರಕ್ಕೆ ಅರೆ ಪಾಲು, ಕಾಲು ಪಾಲಿನಷ್ಟು ಬೆರೆಸುವ ಆ ಮದ್ದಿನಲ್ಲಿ. ಮದ್ದನ್ನು ನೇರವಾಗಿ ಸುರಿಯುವುದಿಲ್ಲ. ಪ್ಲಾಸ್ಟಿಕ್ಕಿನಲ್ಲೇ ಗಟ್ಟಿಯಾಗಿ ಕಲಸಿದ ಕಾಳು ಬರುತ್ತದೆ, ಮಾಸ್ಟರ್‌ಬ್ಯಾಚ್ ಎನ್ನುತ್ತಾರೆ, ಅದನ್ನು ಅಳತೆ ನೋಡಿ ಬೆರೆಸುತ್ತಾರೆ. ಮದ್ದಿನ ಬೆಲೆ ಪ್ಲಾಸ್ಟಿಕ್ಕಿನ ಬೆಲೆಯ ಹಲವು ಪಟ್ಟು. ಹಾಗಾಗಿ ಕೈ ಬಿಗಿ ಹಿಡಿಯಲು ಇದಕ್ಕಿಂತ ಅನುಕೂಲದ ಜಾಗ ಇನ್ನೊಂದಿಲ್ಲ. ಹೊಸ ಶೀಟು ನೋಡಿ, ಎಳೆದು, ಮೂಸಿ ಯಾರೂ ಕಂಡುಹಿಡಿಯಲಾರರು. ಹಾಲಿಗೆ ನೀರು ಬೆರೆಸಿದರೆ ನಾಲಿಗೆಗಾದರೂ ಗೊತ್ತಾಗುತ್ತದೆ.

ಪ್ರಯೋಗಶಾಲೆಯಲ್ಲಿ ಗೊತ್ತಾಗುತ್ತದೆ, ನಿಜ. ಕ್ಸೆನಾನ್ ದೀಪ ಅಥವಾ ಯುವಿ ದೀಪದ ಕೆಳಗೆ ವಾರಗಟ್ಟಲೆ ಇಟ್ಟು, ನಡುನಡುವೆ ನೀರು ಸಿಂಪಡಿಸಿ, ಆಮೇಲೆ ಎಳೆದು ನೋಡುತ್ತಾರೆ. ಹರಿಯುವ ಮುಂಚೆ ಶೀಟು ಎಷ್ಟು ಹಿಗ್ಗುತ್ತದೆ ಎನ್ನುವುದು ಮುಖ್ಯ. ಹೊಸದರಲ್ಲಿ ಹಿಗ್ಗುತ್ತಿದ್ದುದರ ಅರ್ಧಕ್ಕೆ ಇಳಿದರೆ ಆಯಸ್ಸು ಮುಗಿಯಿತು ಎಂದು ಲೆಕ್ಕ. ಭಾವನ ಶೀಟು ಹಿಗ್ಗುವುದನ್ನೇ ಮರೆತಿತ್ತು.

ಇಷ್ಟು ಓದಿದ ಮೇಲೆ ಇನ್ನಷ್ಟು ಮದ್ದು ಸುರಿದರೆ ಆಯಿತಲ್ಲ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು, ಯುವಿ-328ರ ಕಥೆ ಓದುವ ತನಕ.

ಯುವಿ-328 ಎನ್ನುವುದು ಮೇಲೆ ಹೇಳಿದ ಬೆಂಝೋಟ್ರೈಅಝೋಲ್ ಕುಟುಂಬದ ಒಂದು ಸದಸ್ಯ. ಕಾರಿನ ಮೇಲಿನ ಹೊಳಪಿನ ಲೇಪ, ಕಾರಿನೊಳಗಿನ ಪ್ಲಾಸ್ಟಿಕ್, ಟಿವಿ ಪರದೆಯ ಫಿಲಂ, ಬಣ್ಣ, ಪಿವಿಸಿ, ಹೀಗೆ ಎಲ್ಲೆಲ್ಲೂ ಬಳಸಿದ್ದಾರೆ. ಪಾಲಿಹೌಸ್ ಶೀಟಿನಲ್ಲಿ ಇದೇ ಇದೆ ಎಂದು ಹೇಳುತ್ತಿಲ್ಲ, ಅಲ್ಲಿ ರಾಜ್ಯಭಾರ ಹಾಲ್ಸಿನದ್ದು. 2020ರಲ್ಲಿ ಸ್ವಿಟ್ಜರ್ಲೆಂಡ್ ಇದನ್ನು ಸ್ಟಾಕ್‌ಹೋಮ್ ಒಪ್ಪಂದದ, ಅಂದರೆ ನಿಸರ್ಗದಲ್ಲಿ ಬೇಗ ಕರಗದ ವಿಷಗಳನ್ನು ತಡೆಯಲು ದೇಶಗಳು ಮಾಡಿಕೊಂಡ ಒಪ್ಪಂದದ, ಪಟ್ಟಿಗೆ ಸೇರಿಸಬೇಕು ಎಂದು ಅರ್ಜಿ ಹಾಕಿತು. 2023ರ ಮೇ ತಿಂಗಳಲ್ಲಿ ಜಿನೀವಾದಲ್ಲಿ ಸೇರಿದ ದೇಶಗಳು ಒಪ್ಪಿದವು. 2025ರ ಫೆಬ್ರವರಿಯಲ್ಲಿ ಹೆಚ್ಚಿನ ದೇಶಗಳಿಗೆ ಅದು ಜಾರಿಗೂ ಬಂತು. ವಾಹನದ ಬಿಡಿಭಾಗದಂಥ ಕೆಲವು ಬಳಕೆಗೆ ಸದ್ಯ ವಿನಾಯಿತಿ ಇದೆ.

ಸ್ಟಾಕ್‌ಹೋಮ್ ಒಪ್ಪಂದ ಕನ್ನಡಿಗರಿಗೆ ಹೊಸ ಹೆಸರಲ್ಲ. ಎಂಡೋಸಲ್ಫಾನ್ ಅಂದರೆ ನೆನಪಾಗಬಹುದು. ಕಾಸರಗೋಡಿನ ಪಡ್ರೆ, ದಕ್ಷಿಣ ಕನ್ನಡದ ಕೊಕ್ಕಡದ ಕಡೆಯ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಆ ವಿಷವನ್ನು 2011ರ ಏಪ್ರಿಲ್‌ನಲ್ಲಿ ಇದೇ ಒಪ್ಪಂದದ ಪಟ್ಟಿಗೆ ಹಾಕಿದ್ದು. ಅದರ ಮುಂದಿನ ತಿಂಗಳೇ ನಮ್ಮ ಸುಪ್ರೀಂ ಕೋರ್ಟ್ ದೇಶದಲ್ಲಿ ತಡೆ ಹಾಕಿತು. ಡಿಡಿಟಿ ಇರುವುದೂ ಇದೇ ಪಟ್ಟಿಯಲ್ಲಿ. ಇಷ್ಟು ದಿನ ಆ ಪಟ್ಟಿಯಲ್ಲಿ ಇದ್ದವೆಲ್ಲ ಕ್ಲೋರಿನ್, ಬ್ರೋಮಿನ್, ಫ್ಲೋರಿನ್ ಇರುವ ರಾಸಾಯನಿಕಗಳೇ. ಇವು ಯಾವುವೂ ಇಲ್ಲದೆ ಒಳಗೆ ಬಂದ ಮೊದಲನೆಯದು ಯುವಿ-328. ಎಂಡೋಸಲ್ಫಾನಿನಷ್ಟು ಕ್ರೂರ ಎಂದು ಇದನ್ನು ಹೋಲಿಸಲು ಹೊರಟಿಲ್ಲ. ಪಟ್ಟಿ ಒಂದೇ ಆದರೂ ಅಪಾಯದ ಮಟ್ಟ ಬೇರೆ ಬೇರೆ. ಇದನ್ನು ಪದೇ ಪದೇ ತಿನ್ನಿಸಿದಾಗ ಇಲಿಗಳ ಯಕೃತ್ತು, ಮೂತ್ರಪಿಂಡಕ್ಕೆ ಹಾನಿಯಾಗಿದೆ. ನಿಸರ್ಗದಲ್ಲಿ ಬೇಗ ಕರಗುವುದಿಲ್ಲ, ಜೀವಿಗಳ ಕೊಬ್ಬಿನಲ್ಲಿ ಶೇಖರವಾಗುತ್ತದೆ.

ಯಾಕೆ ಕರಗುವುದಿಲ್ಲ? ಇಲ್ಲೇ ಇರುವುದು ಇಡೀ ಕಥೆಯ ಗುಟ್ಟು. ಬಿಸಿಲಿಗೆ ಕರಗಬಾರದು ಎಂದೇ ಅದನ್ನು ಮಾಡಿದ್ದು. ಕಿರಣ ನುಂಗಿ ನುಂಗಿ ಅಣು ತಾನು ಕೆಡದೆ ಉಳಿಯಬೇಕು, ಪ್ಲಾಸ್ಟಿಕ್ಕಿನೊಳಗೆ ನೀರಿಗೆ ತೊಳೆದು ಹೋಗದೆ ಕೂರಬೇಕು, ಅದಕ್ಕೇ ಎಣ್ಣೆಯ ಜೊತೆ ಸೇರುವ ಗುಣ. ನಾವು ದುಡ್ಡು ಕೊಟ್ಟು ಕೊಂಡಿದ್ದು ಆ ಬಾಳಿಕೆಯನ್ನೇ. ಪ್ಲಾಸ್ಟಿಕ್ಕಿನ ಆಯಸ್ಸು ಮುಗಿದ ಮೇಲೂ ಮದ್ದಿನ ಆಯಸ್ಸು ಮುಗಿದಿರುವುದಿಲ್ಲ. ಎಣ್ಣೆಗೆ ಸೇರುವ ಗುಣ ಹಕ್ಕಿಯ ಕೊಬ್ಬಿನಲ್ಲೂ ಕೆಲಸ ಮಾಡುತ್ತದೆ.

ಹಕ್ಕಿ ಎಂದದ್ದು ಸುಮ್ಮನೆ ಅಲ್ಲ. ಟೋಕಿಯೊದ ಕೃಷಿ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದ ಹಿದೆಶಿಗೆ ತಕಾದಾ ಮತ್ತು ಅವರ ಸಂಗಡಿಗರು ಕಡಲಹಕ್ಕಿಗಳ ಬಾಲದ ಬುಡದಲ್ಲಿರುವ ಎಣ್ಣೆ ಗ್ರಂಥಿಯಲ್ಲಿ ಇಂಥ ಮದ್ದುಗಳನ್ನು ಹುಡುಕುತ್ತಾ ಬಂದಿದ್ದಾರೆ. ಜಪಾನಿನ ಒಂದು ದ್ವೀಪದಲ್ಲಿ ಕಡಲಹಕ್ಕಿಯ ಮರಿಗಳಿಗೆ ಮದ್ದು ಬೆರೆಸಿದ ಪ್ಲಾಸ್ಟಿಕ್ ಕಾಳು ಕೊಟ್ಟು ನೋಡಿದ ಪ್ರಯೋಗ 2020ರಲ್ಲಿ ಪ್ರಕಟವಾಯಿತು. ಮದ್ದು ಪ್ಲಾಸ್ಟಿಕ್ಕಿನಿಂದ ಸೋರಿ ಮರಿಗಳ ಯಕೃತ್ತಿಗೂ ಕೊಬ್ಬಿಗೂ ಸೇರಿತ್ತು. ಅವುಗಳಲ್ಲಿ ಒಂದು ಯುವಿ-328. ಅಂದರೆ ಪ್ಲಾಸ್ಟಿಕ್ ಚೂರು ಬರೀ ಚೂರಲ್ಲ, ಸಾಮಾನು ಹೊತ್ತ ಎತ್ತಿನ ಗಾಡಿ. ತಾನಾಗಿ ನೀರಿನಲ್ಲಿ ಕರಗಿ ದೂರ ಹೋಗಲಾರದ ರಾಸಾಯನಿಕ ಪ್ಲಾಸ್ಟಿಕ್ಕಿನೊಳಗೆ ಕೂತು ಸಮುದ್ರ ದಾಟುತ್ತದೆ ಎಂಬ ವಾದವೂ ಜಿನೀವಾದ ತೀರ್ಮಾನದ ಹಿಂದೆ ಇತ್ತು. ನನಗೆ ಇದು ಈ ಇಡೀ ವಿಷಯದಲ್ಲಿ ಅತಿ ಮುಖ್ಯವಾದ ಹೊಸ ಮಾತು ಎನಿಸುತ್ತದೆ.

ಯುರೋಪಿನವರು ಇದಕ್ಕೂ ಮುಂಚೆ, 2014ರಲ್ಲೇ, ಯುವಿ-328 ಮತ್ತು ಅದರ ತಮ್ಮ ಯುವಿ-320 ಎರಡನ್ನೂ ತೀವ್ರ ಕಾಳಜಿಯ ರಾಸಾಯನಿಕಗಳ ಪಟ್ಟಿಗೆ ಹಾಕಿದ್ದರು. ಭಾರತಕ್ಕೆ ಸ್ಟಾಕ್‌ಹೋಮಿನ ಹೊಸ ಸೇರ್ಪಡೆ ತಾನಾಗಿ ಅನ್ವಯಿಸುವುದಿಲ್ಲ. ನಾವು 2006ರಲ್ಲಿ ಒಪ್ಪಂದಕ್ಕೆ ಸೇರುವಾಗಲೇ ಪ್ರತಿ ಹೊಸ ರಾಸಾಯನಿಕವನ್ನೂ ಬೇರೆಯಾಗಿ ನೋಡಿ ಒಪ್ಪುತ್ತೇವೆ ಎಂಬ ದಾರಿ ಇಟ್ಟುಕೊಂಡಿದ್ದೇವೆ. 2020ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ಹೀಗೇ 7 ರಾಸಾಯನಿಕಗಳನ್ನು ಒಟ್ಟಿಗೆ ಒಪ್ಪಿತ್ತು. ಸ್ವಂತವಾಗಿ ಯೋಚಿಸುವ ಹಕ್ಕು ಇಟ್ಟುಕೊಳ್ಳುವುದರಲ್ಲಿ ತಪ್ಪೇನಿಲ್ಲ. ಆದರೆ ಯೋಚನೆ ವರ್ಷಗಟ್ಟಲೆ ನಡೆದರೆ, ಬೇರೆ ಕಡೆ ಮಾರಲಾಗದ್ದು ಎಲ್ಲಿಗೆ ಬರುತ್ತದೆ ಎಂದು ಕೇಳಬೇಕಾಗುತ್ತದೆ.

ಒಂದನ್ನು ನಿಷೇಧಿಸಿದರೆ ಮುಗಿಯಿತು ಎಂದೂ ನಾನು ನಂಬುವುದಿಲ್ಲ. ಅದೇ ಕುಟುಂಬದಲ್ಲಿ ಯುವಿ-326, ಯುವಿ-327, ಯುವಿ-329 ಎಂದು ಅಣ್ಣತಮ್ಮಂದಿರು ಸಾಲಾಗಿ ನಿಂತಿದ್ದಾರೆ. 328ಕ್ಕೆ ಬಾಗಿಲು ಹಾಕಿದರೆ ಪಕ್ಕದವನು ಅದೇ ಕುರ್ಚಿಯಲ್ಲಿ ಬಂದು ಕೂರುವುದು ಸುಲಭ. ಒಂದೊಂದನ್ನೇ ಹಿಡಿದು ವರ್ಷಗಟ್ಟಲೆ ಪರೀಕ್ಷೆ ಮಾಡುವ ಬದಲು ಪ್ಲಾಸ್ಟಿಕ್ಕಿನಲ್ಲಿ ಏನೇನು ಬೆರೆಸಿದ್ದೀರಿ ಎಂದು ಮೊದಲು ಹೇಳಿ ಎಂಬ ಬೇಡಿಕೆ ವಿಶ್ವಸಂಸ್ಥೆಯ ಪ್ಲಾಸ್ಟಿಕ್ ಒಪ್ಪಂದದ ಮಾತುಕತೆಯಲ್ಲೂ ಬಂತು. ಆ ಮಾತುಕತೆ 2024ರ ಕೊನೆಗೆ ದಕ್ಷಿಣ ಕೊರಿಯಾದ ಬುಸಾನ್‌ನಲ್ಲಿ ಮುರಿಯಿತು, 2025ರ ಆಗಸ್ಟ್‌ನಲ್ಲಿ ಜಿನೀವಾದಲ್ಲಿ ಮತ್ತೆ ಮುರಿಯಿತು. ಎಣ್ಣೆ ದೇಶಗಳಿಗೂ ಉಳಿದವರಿಗೂ ಹೊಂದಲಿಲ್ಲ. ರಾಸಾಯನಿಕಗಳ ವಿಷಯವೂ ಆ ಜಗಳದಲ್ಲಿ ಒಂದು.

ಮದ್ದು ಬೇಡ ಎನ್ನುವವರಿಗೂ ನನ್ನದೊಂದು ಮಾತಿದೆ. ಮದ್ದಿಲ್ಲದ ಪ್ಲಾಸ್ಟಿಕ್ ಬಿಸಿಲಿಗೆ ‘ಕರಗಿ ಹೋಗುವುದಿಲ್ಲ’, ಪುಡಿಯಾಗುತ್ತದೆ. ಮಳೆಗಾಲಕ್ಕೆ ಮುಂಚೆ ಅಡಿಕೆ ಗೊನೆಗೆ ಕಟ್ಟುವ ತೆಳು ಪ್ಲಾಸ್ಟಿಕ್ ಕೊಟ್ಟೆಯನ್ನೇ ನೋಡಿ. ಬಿಚ್ಚದೆ ಬಿಟ್ಟಿದ್ದು ಬೇಸಿಗೆಯಲ್ಲಿ ಪಟ್ಟಿಪಟ್ಟಿಯಾಗಿ ಹರಿದು ಕೆಳಗೆ ಉದುರುತ್ತದೆ, ಆಮೇಲೆ ಆ ಚೂರುಗಳನ್ನು ಯಾರೂ ಹೆಕ್ಕಲಾರರು. ಕೋಲಾರದ ಟೊಮೆಟೊ ಹೊಲದ ಮಲ್ಚಿಂಗ್ ಶೀಟಿನದ್ದೂ ಅದೇ ಕಷ್ಟ. ಬೆಳೆ ಮುಗಿದಾಗ ಶೀಟು ಗಟ್ಟಿಯಾಗಿದ್ದರೆ ಪೂರ್ತಿ ಎಳೆದು ತೆಗೆಯಬಹುದು, ಹಪ್ಪಳವಾಗಿದ್ದರೆ ಅರ್ಧ ಮಣ್ಣಿನಲ್ಲೇ ಉಳಿಯುತ್ತದೆ. ಬೇಗ ಪುಡಿಯಾಗಲಿ ಎಂದೇ ಉಲ್ಟಾ ಮದ್ದು ಹಾಕಿ ‘ಪರಿಸರಸ್ನೇಹಿ’ ಎಂದು ಮಾರಿದವರೂ ಇದ್ದಾರೆ. ಕಬ್ಬಿಣ, ಮ್ಯಾಂಗನೀಸ್, ಕೋಬಾಲ್ಟ್ ಸೇರಿದ ಈ ಬಗೆಗೆ ಆಕ್ಸೊ-ಡಿಗ್ರೇಡಬಲ್ ಎಂದು ಹೆಸರು. ಇದು ಬರೀ ಚೂರು ಮಾಡುತ್ತದೆ ಎಂದು ಯುರೋಪ್ ಒಕ್ಕೂಟ 2019ರ ಕಾನೂನಿನಲ್ಲೇ ನಿಷೇಧಿಸಿತು, 2021ರ ಜುಲೈಯಿಂದ ಮಾರುವ ಹಾಗಿಲ್ಲ. ಒಳ್ಳೆ ಮದ್ದು ಹಾಕಿದ, ನಾಲ್ಕು ವರ್ಷ ಬಾಳುವ, ಆಮೇಲೆ ಒಂದೇ ತುಂಡಾಗಿ ಕೆಳಗಿಳಿಸಬಹುದಾದ ಶೀಟು ನಾಲ್ಕು ಸಲ ಬದಲಿಸುವ ಅಗ್ಗದ ಶೀಟಿಗಿಂತ ಎಷ್ಟೋ ಮೇಲು. ಇದರಲ್ಲಿ ನನಗೆ ಅನುಮಾನ ಇಲ್ಲ.

ಇಳಿಸಿದ ಮೇಲೆ ಎಲ್ಲಿಗೆ? ಗುಜರಿಗೆ. ಅಲ್ಲಿಂದ ಕರಗಿಸಿ ಮತ್ತೆ ಕಾಳು. ಬಿಸಿಲಿಗೆ ಬೆಂದ ಪ್ಲಾಸ್ಟಿಕ್ಕಿನಲ್ಲಿ ಯುವಿ ಹಿಡಿಯುವ ಜಾಗಗಳು ಆಗಲೇ ತುಂಬಿರುತ್ತವೆ, ಹಾಗಾಗಿ ಅದರಿಂದ ಮಾಡಿದ್ದು ಮೊದಲಿಗಿಂತ ಬೇಗ ಮುರಿಯುತ್ತದೆ. ಹಳೆ ಮದ್ದಿನ ಉಳಿಕೆಯೂ ಅದರಲ್ಲೇ ಇರುತ್ತದೆ. ಕಾರಿನ ಭಾಗದಲ್ಲಿದ್ದ ಯುವಿ-328 ಮುಂದಿನ ಜನ್ಮದಲ್ಲಿ ಯಾವ ಸಾಮಾನಿನೊಳಗೆ ಬರುತ್ತದೆ ಎಂದು ಗುಜರಿಯವನಿಗೆ ಗೊತ್ತಿಲ್ಲ, ಕೊಳ್ಳುವ ನಮಗಂತೂ ದೂರದ ಮಾತು.

ಭಾವ ಮೊನ್ನೆ ಹೊಸ ಶೀಟು ತಂದರು. ಈ ಸಲ ಪೂರ್ತಿ ಉರುಳೆ, ನಾವು ಮೂರು ಮನೆಯವರು ಹಂಚಿಕೊಂಡೆವು. ಉರುಳೆ ತಗೊಂಡರೆ ಗ್ಯಾರಂಟಿ ಕಾಗದ ಕೈಗೆ ಬರುತ್ತದೆ ಎನ್ನುವುದೇ ಕಾರಣ. ಗಂಧಕದ ಮಿತಿ ಅದರಲ್ಲಿ ಬರೆದಿತ್ತು, ಪೈಪಿಗೆ ಬಿಳಿ ಬಣ್ಣ ಹೊಡೆಯಬೇಕು ಎಂದೂ ಬರೆದಿತ್ತು. ಯಾವ ಮದ್ದು, ಎಷ್ಟು ಎಂದು ಬರೆದಿರಲಿಲ್ಲ. ನಾನು ಕೇಳಿದೆ. ಅಂಗಡಿಯವ ಮೇಲಿನವರಿಗೆ ಫೋನು ಮಾಡಿದ, ಅದು ಕಂಪನಿಯ ಗುಟ್ಟು ಅಂದರಂತೆ.

ಹಳೆ ಶೀಟನ್ನು ಭಾವ ಸೌದೆ ರಾಶಿಯ ಮೇಲೆ ಹೊದಿಸಿದ್ದರು. ಈಗ ಅದೂ ಉದುರುತ್ತಿದೆ. ನಿನ್ನೆ ಗೊಬ್ಬರಗುಂಡಿಯ ಹತ್ತಿರ ನಿಂತು ಬಿಳಿ ಚೂರುಗಳನ್ನು ಒಂದೊಂದೇ ಹೆಕ್ಕಿ ಹಳೆ ಸಿಮೆಂಟ್ ಚೀಲಕ್ಕೆ ತುಂಬುತ್ತಿದ್ದರು. ಆ ಚೀಲವೂ ಬಿಸಿಲಿಗೆ ಬಿದ್ದು ಎಳೆ ಬಿಟ್ಟಿತ್ತು, ಒಂದು ಕಡೆಯಿಂದ ತುಂಬಿದ್ದು ಇನ್ನೊಂದು ಕಡೆಯಿಂದ ಸೋರುತ್ತಿತ್ತು.